ಗ್ಯಾರೇಜ್ ಪ್ರಶ್ನೋತ್ತರ: ಅಗಲ ಚಕ್ರಕ್ಕೆ ಒಳಗಡೆ ಜಾಗ ಇದೆಯೇ?

ಮಳೆ ಶುರುವಾಗುವ ಮುಂಚೆ ಟೈರು ಬದಲಿಸುವವರು ಹೆಚ್ಚು. ಹೇಗೂ ಖರ್ಚು ಇದ್ದೇ ಇದೆ, ಇನ್ನೊಂದಿಷ್ಟು ಅಗಲದ ರಿಮ್ಮು-ಟೈರೇ ಹಾಕಿಸೋಣವೇ ಎಂದು ಕೇಳಿದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನನ್ನದು 2017ರ ಮಸ್ಟ್ಯಾಂಗ್ ಜಿಟಿ. ಕಂಪನಿಯ 19 ಇಂಚಿನ ರಿಮ್ಮುಗಳೇ ಇವೆ. ಮುಂದೆ 255/40, ಹಿಂದೆ 275/40 ಟೈರು. ಮುಂದೆ 10ಜೆ ಇಟಿ35 ರಿಮ್ಮಿಗೆ 275/40, ಹಿಂದೆ 11ಜೆ ಇಟಿ50 ರಿಮ್ಮಿಗೆ 305/35 ಹಾಕಿಕೊಡುತ್ತೇನೆ ಎಂದು ಅಂಗಡಿಯವರು ಹೇಳುತ್ತಿದ್ದಾರೆ. ತಾಗುವುದಿಲ್ಲವೇ ಎಂದರೆ ‘ಬೈಠ್ ಜಾಯೇಗಾ ಸಾಹೇಬ್’ ಎನ್ನುತ್ತಾರೆ. ಶೆಲ್ಬಿ ಜಿಟಿ350ಗೆ ಕಂಪನಿಯೇ ಇದಕ್ಕಿಂತ ಅಗಲ ಕೊಟ್ಟಿದೆಯಂತೆ. ಒಪ್ಪಬಹುದೇ? (ವಾಕಡ್, ಪುಣೆ)

ಉತ್ತರ: ಹಿಂದಿನ ಜೋಡಿಗೆ ಒಪ್ಪಬಹುದು. ಮುಂದಿನ ಜೋಡಿ ಈ ಅಳತೆಯಲ್ಲಿ ಬೇಡ.

ಅಂಗಡಿಗೆ ಹೋಗುವ ಮುಂಚೆ ಕಾಗದದ ಮೇಲೆ ಒಂದು ಲೆಕ್ಕ ಮಾಡಿ. ಹಬ್ಬಿಗೆ, ಅಂದರೆ ಚಕ್ರವನ್ನು ಬಿಗಿಯುವ ಕಾರಿನ ಕಡೆಯ ನಡುಭಾಗಕ್ಕೆ, ಒರಗುವ ಮುಖವು ರಿಮ್ಮಿನ ನಡುಗೆರೆಯಿಂದ ಎಷ್ಟು ಮಿ.ಮೀ. ಹೊರಕ್ಕಿದೆ ಎಂಬುದೇ ಇಟಿ, ಅಂದರೆ ಆಫ್‌ಸೆಟ್. 10ಜೆ ಎಂದರೆ ರಿಮ್ಮಿನ ಅಗಲ 10 ಇಂಚು. ಆ ಅಂಕಿಯನ್ನು 25.4ರಿಂದ ಗುಣಿಸಿ ಮಿ.ಮೀ.ಗೆ ತಂದು ಅರ್ಧ ಮಾಡಿ. ಆ ಅರ್ಧಕ್ಕೆ ಇಟಿ ಕೂಡಿಸಿದರೆ ರಿಮ್ಮು ಒಳಗೆ, ಶಾಕ್ ಅಬ್ಸಾರ್ಬರಿನ ಕಡೆಗೆ ಎಷ್ಟು ಚಾಚುತ್ತದೆ ಎಂದು ಗೊತ್ತಾಗುತ್ತದೆ. ಕಳೆದರೆ ಹೊರಗೆ, ಮಡ್‌ಗಾರ್ಡಿನ ಕಡೆಗೆ ಎಷ್ಟು ಎಂದು ಗೊತ್ತಾಗುತ್ತದೆ. ರಿಮ್ಮಿನ ಅಂಚಿನ ದಪ್ಪ ಇದರಲ್ಲಿ ಸೇರಿಲ್ಲ, ಆದರೆ ಹಳೆಯದಕ್ಕೂ ಹೊಸದಕ್ಕೂ ಅದು ಹೆಚ್ಚುಕಡಿಮೆ ಒಂದೇ ಆದ್ದರಿಂದ ವ್ಯತ್ಯಾಸದ ಲೆಕ್ಕ ಕೆಡುವುದಿಲ್ಲ.

ನಿಮ್ಮ ಮುಂದಿನ ರಿಮ್ಮು 9ಜೆ ಇಟಿ45: ಒಳಗೆ 159.3, ಹೊರಗೆ 69.3 ಮಿ.ಮೀ. ಅಂಗಡಿಯವರ 10ಜೆ ಇಟಿ35: ಒಳಗೆ 162, ಹೊರಗೆ 92. ಒಳಗಡೆ ಬರೀ 3 ಮಿ.ಮೀ. ಬಳಸಿಕೊಂಡು ಹೊರಗಡೆಗೆ 23 ಮಿ.ಮೀ. ತಳ್ಳಿದಂತಾಯಿತು. ನಿಂತ ಕಾರಿನಲ್ಲಿ ಇದು ಚೆಂದವೇ ಕಾಣುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹಂಪ್ ಇಳಿಸಿದಾಗ ಟೈರಿನ ಹೊರ ಭುಜ ಮಡ್‌ಗಾರ್ಡಿನ ಅಂಚಿಗೂ ಅದರೊಳಗಿನ ಪ್ಲಾಸ್ಟಿಕ್ ಹೊದಿಕೆಯಾದ ಲೈನರಿನ ಮುಂಭಾಗಕ್ಕೂ ಉಜ್ಜುತ್ತದೆ. ಇನ್ನೊಂದು ತೊಂದರೆಯನ್ನು ಯಾರೂ ಹೇಳುವುದಿಲ್ಲ: ಚಕ್ರದ ನಡುಗೆರೆ 10 ಮಿ.ಮೀ. ಹೊರಕ್ಕೆ ಸರಿದರೆ ಸ್ಟೀರಿಂಗ್ ತಿರುಗುವ ಅಕ್ಷಕ್ಕೂ ಟೈರು ನೆಲ ಮುಟ್ಟುವ ಜಾಗಕ್ಕೂ ಇರುವ ಅಂತರ ಬದಲಾಗುತ್ತದೆ. ಆಮೇಲೆ ಒಂದೇ ಚಕ್ರ ಗುಂಡಿಗೆ ಬಿದ್ದರೂ ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ. ಅದೇ 10ಜೆ ರಿಮ್ಮನ್ನು ಇಟಿ40ರಲ್ಲಿ ತರಿಸಿದರೆ ಒಳಗೆ 8, ಹೊರಗೆ 18 ಮಿ.ಮೀ. ಮಾತ್ರ ಹೆಚ್ಚಾಗುತ್ತದೆ. ಅಳೆದು ನೋಡಲು ಶುರು ಮಾಡಬೇಕಾದ್ದು ಈ ಅಳತೆಯಿಂದ.

ಹಿಂದಿನದು ಈಗ 9.5ಜೆ ಇಟಿ52.5. ಅದರ ಬದಲು 11ಜೆ ಇಟಿ50 ಹಾಕಿದರೆ ಒಳಗೆ ಸುಮಾರು 17, ಹೊರಗೆ 22 ಮಿ.ಮೀ. ಹೆಚ್ಚುತ್ತದೆ. ಈ ಕಾರಿನ ಹಿಂಭಾಗದಲ್ಲಿ ಅಷ್ಟು ಜಾಗ ಇದೆ. ಶೆಲ್ಬಿ ಜಿಟಿ350ಗೆ ಹಿಂದೆ 11ಜೆ ರಿಮ್ಮು, 305/35 ಟೈರು ಇರುವುದು ನಿಜ. ಮುಂದೆ 10.5ಜೆ ರಿಮ್ಮು, 295/35 ಇರುವುದೂ ನಿಜ. ಆದರೆ ಆ ಕಾರಿನ ಮುಂದಿನ ಮಡ್‌ಗಾರ್ಡೇ ಬೇರೆ, ಅಗಲವಾದದ್ದು. ಅದನ್ನು ತೋರಿಸಿ ನಿಮ್ಮ ಕಾರಿನ ಮುಂಭಾಗಕ್ಕೆ ರಿಮ್ಮು ಮಾರುವುದು ತಪ್ಪು.

ಇನ್ನು ಟೈರಿನ ಎತ್ತರ. 255/40 ಎಂಬುದರಲ್ಲಿ ಮೊದಲನೆಯದು ಮಿ.ಮೀ.ನಲ್ಲಿ ಟೈರಿನ ಅಗಲ; ಎರಡನೆಯದು ಸೈಡ್‌ವಾಲಿನ, ಅಂದರೆ ಪಕ್ಕದ ಗೋಡೆಯ, ಎತ್ತರ ಆ ಅಗಲದ ಎಷ್ಟು ಶೇಕಡಾ ಎಂಬುದು. ಈಗ ಮುಂದಿನ ವ್ಯಾಸ 686.6, ಹಿಂದಿನದು 702.6 ಮಿ.ಮೀ.; ಹಿಂದಿನದು 2.3 ಶೇಕಡಾ ದೊಡ್ಡದು. ಎಬಿಎಸ್ ಮತ್ತು ಸ್ಟೆಬಿಲಿಟಿ ಕಂಟ್ರೋಲ್ ಈ ಅನುಪಾತವನ್ನು ನಂಬಿಕೊಂಡು ನಾಲ್ಕು ಚಕ್ರಗಳ ವೇಗ ಹೋಲಿಸುತ್ತವೆ. ಮುಂದೆ 275/40 ಹಾಕಿದರೆ 702.6, ಹಿಂದೆ 305/35 ಹಾಕಿದರೆ 696.1. ಅಲ್ಲಿಗೆ ಮುಂದಿನದೇ ದೊಡ್ಡದಾಯಿತು, ಅನುಪಾತ ತಲೆಕೆಳಗಾಯಿತು. ಮುಂದೆ 275/35 ತೆಗೆದುಕೊಳ್ಳಿ: 675.1. ಹಿಂದಿನದು 3.1 ಶೇಕಡಾ ದೊಡ್ಡದಾಗುತ್ತದೆ, ಮೂಲಕ್ಕೆ ಹತ್ತಿರ. ಮಡ್‌ಗಾರ್ಡಿನೊಳಗೂ ಉಸಿರಾಡಲು ಜಾಗ ಸಿಗುತ್ತದೆ. ಕಾರಿನ ಮೂಗು ಸುಮಾರು 6 ಮಿ.ಮೀ. ತಗ್ಗುತ್ತದೆ, ನಿಮ್ಮ ಸೊಸೈಟಿ ಗೇಟಿನ ಹಂಪಿಗೆ ಈಗಲೇ ತಗಲುತ್ತಿದ್ದರೆ ಇದನ್ನೂ ಯೋಚಿಸಿ. 275/35 ಆರಿಸುವಾಗ ಎಕ್ಸ್‌ಎಲ್ (ಹೆಚ್ಚು ಭಾರ ಹೊರುವ ಟೈರಿನ) ಗುರುತು, ಲೋಡ್ ಇಂಡೆಕ್ಸ್ 100 ಇರುವುದನ್ನೇ ಕೇಳಿ, ಅಂದರೆ ಟೈರಿಗೆ 800 ಕೆ.ಜಿ. ಬಾಗಿಲಿನ ಕಂಬದ ಸ್ಟಿಕ್ಕರಿನಲ್ಲಿರುವ ಲೋಡ್ ಇಂಡೆಕ್ಸಿಗಿಂತ ಕೆಳಗೆ ಯಾವ ಕಾರಣಕ್ಕೂ ಇಳಿಯಬೇಡಿ.

ಟೈರು ಏರಿಸುವ ಮುಂಚೆ ಬರೀ ರಿಮ್ಮನ್ನು ಹಬ್ಬಿಗೆ ಕೂರಿಸಿ ಕೈಯಲ್ಲಿ ತಿರುಗಿಸಿ ನೋಡಿ. ಬ್ರೇಕ್ ಕ್ಯಾಲಿಪರಿಗೂ ಸ್ಪೋಕಿಗೂ ನಡುವೆ ಕನಿಷ್ಠ 3 ಮಿ.ಮೀ. ಇರಬೇಕು. ರಿಮ್ಮಿಗೆ ಅಂಟಿಸುವ ಬ್ಯಾಲೆನ್ಸ್ ತೂಕಕ್ಕೂ ಅಷ್ಟೇ ಜಾಗ ಬೇಕೆಂಬುದನ್ನು ಎಷ್ಟೋ ಜನ ಮರೆಯುತ್ತಾರೆ. ಟೈರು ಹಾಕಿದ ಮೇಲೆ ಶಾಕ್ ಅಬ್ಸಾರ್ಬರಿಗೂ ಟೈರಿಗೂ ನಡುವೆ 5 ಮಿ.ಮೀ. ಸಾಕು, ಅವೆರಡೂ ಒಟ್ಟಿಗೇ ಮೇಲೆ ಕೆಳಗೆ ಆಡುತ್ತವೆ. ಮಡ್‌ಗಾರ್ಡ್ ಕಡೆ ಅಷ್ಟು ಸಾಲದು. ಮುಂದಿನ ಎಡ ಚಕ್ರ ಮತ್ತು ಹಿಂದಿನ ಬಲ ಚಕ್ರವನ್ನು ಒಟ್ಟಿಗೆ ಗಟ್ಟಿಯಾದ ಮರದ ದಿಮ್ಮಿ ಅಥವಾ ರ‍್ಯಾಂಪಿನ ಮೇಲೆ ಏರಿಸಿ. ಕಾರು ಓರೆಯಾಗಿ ತಿರುಚಿಕೊಂಡು ಏರಿದ ಚಕ್ರಗಳು ಮಡ್‌ಗಾರ್ಡಿನೊಳಕ್ಕೆ ಹೋಗುತ್ತವೆ. ಹ್ಯಾಂಡ್‌ಬ್ರೇಕ್ ಹಾಕಿ ಸ್ಟೀರಿಂಗನ್ನು ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಿ. 10 ಮಿ.ಮೀ. ಡ್ರಿಲ್ ಬಿಟ್ಟಿನ ಹಿಂಬದಿ ಎಲ್ಲ ಕಡೆಯೂ ಸಲೀಸಾಗಿ ನುಸುಳಬೇಕು. ಆಮೇಲೆ ಇನ್ನೊಂದು ಕರ್ಣಕ್ಕೂ ಹೀಗೇ ಮಾಡಿ.

ನೂರು ಕಿಲೋಮೀಟರು ಓಡಿಸಿದ ಮೇಲೆ ಟಾರ್ಚು ಹಿಡಿದು ಲೈನರನ್ನು ನೋಡಿ. ಧೂಳು ಹಿಡಿದು ಮಂಕಾದ ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಒಂದು ಕಡೆ ಮಾತ್ರ ಬಾಚಿದಂತೆ ನುಣ್ಣಗೆ ಹೊಳೆಯುವ ಪಟ್ಟಿ ಕಂಡರೆ ಟೈರು ತಾಗಿದ ಜಾಗ ಅದೇ. ಲೈನರಿಗೆ ತಾಗಿದ್ದರೆ ಕತ್ತರಿಸಿ ಸರಿ ಮಾಡಬಹುದು. ಟೈರಿನ ಒಳ ಸೈಡ್‌ವಾಲಿನಲ್ಲಿ ಅಂಥ ಹೊಳೆಯುವ ಉಂಗುರ ಕಂಡರೆ ಅದು ಲೋಹಕ್ಕೆ ಉಜ್ಜುತ್ತಿದೆ, ಅವತ್ತೇ ಚಕ್ರ ಬಿಚ್ಚಬೇಕು. ಮಡ್‌ಗಾರ್ಡಿನ ಒಳ ಅಂಚು ಮಡಿಸಲೇಬೇಕಾದರೆ ಮೊದಲು ಅಯಸ್ಕಾಂತ ಹಿಡಿದು ನೋಡಿ. ಅಂಟದಿದ್ದರೆ ಅಲ್ಯೂಮಿನಿಯಂ, ಅದು ಉಕ್ಕಿನಷ್ಟು ಸುಲಭವಾಗಿ ಮಡಿಯುವುದಿಲ್ಲ, ಬಿರಿಯುತ್ತದೆ. ಉಕ್ಕಾದರೂ ಹೀಟ್ ಗನ್ನಿನಿಂದ ಬಣ್ಣ ಬೆಚ್ಚಗೆ ಮಾಡಿಕೊಂಡು ನಾಲ್ಕೈದು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಮಡಿಸಬೇಕು. ಬಣ್ಣ ಸೀಳಿದ ಅಂಚು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ.

ನಟ್ಟುಗಳು ಎಂ14×1.5 (ದಪ್ಪ 14 ಮಿ.ಮೀ., ಎಳೆಯಿಂದ ಎಳೆಗೆ 1.5 ಮಿ.ಮೀ.), ಬಿಗಿತ 204 ನ್ಯೂಟನ್ ಮೀಟರ್. ಏರ್ ಗನ್ನಿನಲ್ಲಿ ಬಿಗಿದು ಕೈಬಿಡಬಾರದು. ಟಾರ್ಕ್ ರೆಂಚಿನಿಂದ ನಕ್ಷತ್ರದ ಕ್ರಮದಲ್ಲಿ, 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ. ಅಮೆರಿಕದಿಂದ ರಿಮ್ಮು ತರಿಸುವುದಾದರೆ ಅದರ ಜೊತೆ ಬರುವ ಟೈರ್ ಪ್ರೆಶರ್ ಸೆನ್ಸರ್ 315 ಮೆಗಾಹರ್ಟ್ಸಿನದು. ಯುರೋಪಿನ ಕಾರುಗಳದು 433. ನಿಮ್ಮ ಹಳೆ ಸೆನ್ಸರಿನ ಮೇಲೆ ಬರೆದದ್ದನ್ನು ಓದಿ, ಅದೇ ಅಲೆಯದನ್ನು ಹಾಕಿಸಿ.

ಪ್ರಶ್ನೆ: ಆಡಿ ಟಿಟಿಗೆ ಹೊರಗಿನ 19 ಇಂಚಿನ ಅಲಾಯ್ ಹಾಕಿಸಿದೆ. 90 ದಾಟಿದರೆ ಸ್ಟೀರಿಂಗ್ ನಡುಗುತ್ತದೆ. ಮೂರು ಸಲ ಬ್ಯಾಲೆನ್ಸಿಂಗ್ ಆಯಿತು, ಯಂತ್ರದಲ್ಲಿ ಸೊನ್ನೆ ತೋರಿಸುತ್ತದೆ, ರಸ್ತೆಯಲ್ಲಿ ಮತ್ತೆ ಅದೇ ನಡುಕ. (ಡೊಂಬಿವಲಿ)

ಉತ್ತರ: ಯಂತ್ರ ಹೇಳುವುದೂ ನಿಜ, ನಿಮ್ಮ ಕೈಗೆ ತಿಳಿಯುವುದೂ ನಿಜ. ಬ್ಯಾಲೆನ್ಸಿಂಗ್ ಯಂತ್ರ ರಿಮ್ಮನ್ನು ನಡುವಿನ ತೂತಿನಿಂದ ಹಿಡಿದು ತಿರುಗಿಸುತ್ತದೆ. ನಿಮ್ಮ ಕಾರಿನಲ್ಲಿ ಆ ತೂತು ಹಬ್ಬನ್ನು ಮುಟ್ಟುತ್ತಲೇ ಇಲ್ಲ ಎಂಬುದು ನಮ್ಮ ಅನುಮಾನ. ಟಿಟಿಯ ಹಬ್ 57.1 ಮಿ.ಮೀ. ಹೊಸ ಆಡಿ ಕಾರುಗಳಲ್ಲಿ ಹಲವು 66.6ರ ಹಬ್ಬಿನವು, ಬೋಲ್ಟಿನ ವೃತ್ತ ಮಾತ್ರ ಎರಡಕ್ಕೂ 5×112, ಅಂದರೆ 112 ಮಿ.ಮೀ. ವೃತ್ತದಲ್ಲಿ ಐದು ಬೋಲ್ಟು. ಹಾಗಾಗಿ 66.6ರ ರಿಮ್ಮು ನಿಮ್ಮ ಕಾರಿಗೆ ಸುಮ್ಮನೆ ಕೂತುಬಿಡುತ್ತದೆ, ಸುತ್ತ ಸುಮಾರು 4.7 ಮಿ.ಮೀ. ಸಂದಿ ಉಳಿಸಿಕೊಂಡು. ಆಗ ರಿಮ್ಮನ್ನು ನಡುವಿಗೆ ತರುವ ಕೆಲಸ ಬೋಲ್ಟುಗಳ ಮೇಲೆ ಬೀಳುತ್ತದೆ. ಪ್ರತಿ ಸಲ ಬಿಚ್ಚಿ ಹಾಕಿದಾಗ ನಡುಕ ಸ್ವಲ್ಪ ಹೆಚ್ಚೋ ಕಡಿಮೆಯೋ ಆಗುತ್ತಿದ್ದರೆ ಕಾರಣ ಇದೇ.

ಚಕ್ರ ಬಿಚ್ಚಿಸಿ ವರ್ನಿಯರ್ ಕ್ಯಾಲಿಪರಿನಿಂದ ನಡುವಿನ ತೂತು ಅಳೆಯಿರಿ. 66.6 ಬಂದರೆ ಹೊರವ್ಯಾಸ 66.6, ಒಳವ್ಯಾಸ 57.1 ಇರುವ ಹಬ್ ರಿಂಗ್ ನಾಲ್ಕು ಬೇಕು. ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲಿ ಹುಡುಕಿದರೆ ಸಿಗುತ್ತವೆ. ಬೇರೆ ಅಳತೆ ಇದ್ದರೆ ಲೇತ್ ಕೆಲಸದವರು ಅಲ್ಯೂಮಿನಿಯಂನಲ್ಲಿ ಕಡೆದುಕೊಡುತ್ತಾರೆ. ರಿಂಗ್ ಬೆರಳಿನ ಒತ್ತಿಗೆ ಬಿಗಿಯಾಗಿ ಕೂರಬೇಕು, ಅಲುಗಾಡಬಾರದು.

ಅದೇ ಹೊತ್ತಿಗೆ ಬೋಲ್ಟನ್ನೂ ನೋಡಿ, ನಡುಕಕ್ಕಿಂತ ಅಪಾಯ ಅಲ್ಲಿದೆ. ಆಡಿಯ ಮೂಲ ಬೋಲ್ಟಿನ ತಲೆಯ ಕೆಳಭಾಗ ಗೋಲಿಯಂತೆ ದುಂಡಗಿರುತ್ತದೆ. ಹೊರಗಿನ ರಿಮ್ಮುಗಳಲ್ಲಿ ಹೆಚ್ಚಿನವಕ್ಕೆ ಬೇಕಾದ್ದು 60 ಡಿಗ್ರಿಯ ಶಂಕುವಿನಾಕಾರ. ದುಂಡು ಬೋಲ್ಟು ಶಂಕುವಿನ ಕುಳಿಯಲ್ಲಿ ದಾರದಷ್ಟು ತೆಳುವಾದ ಒಂದು ಗೆರೆಯಲ್ಲಿ ಮಾತ್ರ ಒರಗುತ್ತದೆ. ಅಷ್ಟೂ ಒತ್ತಡ ಆ ಗೆರೆಯ ಮೇಲೆ ಬಿದ್ದು ಅಲ್ಯೂಮಿನಿಯಂ ತಗ್ಗುತ್ತದೆ, ಬೋಲ್ಟು ತಾನಾಗಿ ಸಡಿಲವಾಗುತ್ತದೆ. ಕುಳಿಯೊಳಗೆ ಒಂದೇ ತೆಳು ಉಂಗುರದ ಗುರುತು ಬಿದ್ದಿದ್ದರೆ ಆ ಬೋಲ್ಟಿನಲ್ಲಿ ಇನ್ನು ಒಂದು ಕಿಲೋಮೀಟರೂ ಹೋಗಬೇಡಿ. ಸರಿಯಾದ ಎಂ14×1.5 ಬೋಲ್ಟು ಕೈಯಲ್ಲಿ ತಿರುಗಿಸಿದಾಗ ಕನಿಷ್ಠ 9 ಸುತ್ತು ಒಳಹೋಗಬೇಕು. ಎಳೆಯ ಹಿಡಿತ ಹೆಚ್ಚುಕಡಿಮೆ ಬೋಲ್ಟಿನ ದಪ್ಪದಷ್ಟು ಇರಬೇಕೆಂಬ ಲೆಕ್ಕ ಅದು. ಉದ್ದ ಜಾಸ್ತಿಯಾದರೂ ಕೇಡು, ಹಬ್ಬಿನ ಹಿಂದೆ ಇಣುಕಿ ಅಲ್ಲಿನ ಭಾಗಗಳಿಗೆ ಬಡಿಯುತ್ತದೆ. ರಿಮ್ಮು ಹಾಕಿ, ಬೋಲ್ಟು ಬಿಗಿದು, ಚಕ್ರವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ಸದ್ದು ಕೇಳಿ. ಬಿಗಿತ 120 ನ್ಯೂಟನ್ ಮೀಟರ್.

ನಿಮ್ಮದು ಕ್ವಾಟ್ರೊ (ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಮಾದರಿ) ಆಗಿದ್ದರೆ ಇನ್ನೊಂದು ಮಾತು: ನಾಲ್ಕೂ ಟೈರು ಒಂದೇ ಅಳತೆ, ಒಂದೇ ಕಂಪನಿಯದು ಇರಲಿ, ಸವೆತವೂ ಹೆಚ್ಚುಕಡಿಮೆ ಸಮನಾಗಿರಲಿ. ಹಿಂದೆ ಮಾತ್ರ ಅಗಲ ಮಾಡುವ ಆಸೆ ಬಿಡಿ.

ಪ್ರಶ್ನೆ: ಬಿಎಂಡಬ್ಲ್ಯು ಜೆಡ್4ಗೆ ಹಿಂದೆ 15 ಮಿ.ಮೀ. ಸ್ಪೇಸರ್ ಹಾಕಿ ಮೂಲ ಬೋಲ್ಟುಗಳನ್ನೇ ಬಳಸಬಹುದೇ? (ಮುಲುಂಡ್)

ಉತ್ತರ: ಖಂಡಿತ ಬೇಡ. ಸ್ಪೇಸರ್ ಎಂದರೆ ಹಬ್ಬಿಗೂ ರಿಮ್ಮಿಗೂ ನಡುವೆ ಇಡುವ ಲೋಹದ ಬಿಲ್ಲೆ; ಅದು ಎಷ್ಟು ದಪ್ಪವೋ ಬೋಲ್ಟು ಮೂಲಕ್ಕಿಂತ ಅಷ್ಟು ಹೆಚ್ಚು ಉದ್ದವಾಗಬೇಕು. ಎಂ12×1.5 ಆದರೆ ಕನಿಷ್ಠ 8 ಸುತ್ತು ಹಿಡಿಯಲೇಬೇಕು. ರಿಮ್ಮಿನ ನಡು ತೂತನ್ನು ಹಿಡಿಯುವ ತುಟಿ (ಉಬ್ಬಿದ ಅಂಚು) ಸ್ಪೇಸರಿಗೆ ತನ್ನದೇ ಇರಲಿ, ಎಂ12 ಬೋಲ್ಟಿನ ಜೆಡ್4ಗೆ ಅದು 72.6 ಮಿ.ಮೀ., ಇಲ್ಲದಿದ್ದರೆ ಮೇಲಿನ ಡೊಂಬಿವಲಿಯವರ ನಡುಕ ನಿಮ್ಮ ಮನೆಗೂ ಬರುತ್ತದೆ. ಒಂದರ ಮೇಲೊಂದು ಎರಡು ಸ್ಪೇಸರ್ ಜೋಡಿಸುವುದಂತೂ ಎಂದಿಗೂ ಬೇಡ.

ಪ್ರಶ್ನೆ: 2014ರ ಪೋರ್ಶೆ ಬಾಕ್ಸ್‌ಸ್ಟರ್ 2.7, ಹಿಂದಿನ ಮಾಲೀಕರು 20 ಇಂಚಿನ ರಿಮ್ಮು ಹಾಕಿಸಿದ್ದಾರೆ: 235/35 ಮತ್ತು 265/35. ಕಳೆದ ಮಳೆಗಾಲದಲ್ಲಿ ಎರಡು ಟೈರಿಗೆ ಗುಳ್ಳೆ ಎದ್ದಿತು. ವಾರಾಂತ್ಯಕ್ಕೆ ಪುಣೆಗೆ ಹೋಗುವುದಿದೆ, ಮಳೆಯಲ್ಲಿ ಕಾರು ತೇಲಿದಂತೆ ಅನಿಸುತ್ತದೆ. ಇನ್ನೂ ಅಗಲದ ಟೈರು ಹಾಕಿದರೆ ಹಿಡಿತ ಹೆಚ್ಚುತ್ತದೆಯೇ? (ವಾಶಿ, ನವಿ ಮುಂಬಯಿ)

ಉತ್ತರ: ನೀರಿನ ಮೇಲೆ ಅಗಲ ಹೆಚ್ಚಿದರೆ ಹಿಡಿತ ಕಡಿಮೆಯಾಗುತ್ತದೆ. ಟೈರು ನೆಲ ಮುಟ್ಟುವ ಜಾಗದ ವಿಸ್ತೀರ್ಣವನ್ನು ಬಹುಪಾಲು ನಿರ್ಧರಿಸುವುದು ಭಾರ ಮತ್ತು ಗಾಳಿಯ ಒತ್ತಡ. ಒಂದು ಚಕ್ರದ ಮೇಲೆ 350 ಕೆ.ಜಿ. ಭಾರ, 36 ಪಿಎಸ್‌ಐ ಗಾಳಿ ಇದ್ದರೆ ಅದು ಸುಮಾರು 140 ಚದರ ಸೆಂ.ಮೀ., ಅಂಗೈಯಷ್ಟು. ಟೈರು ಅಗಲ ಮಾಡಿದರೆ ಈ ಅಂಗೈ ದೊಡ್ಡದಾಗುವುದಿಲ್ಲ, ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತದೆ. 20 ಸೆಂ.ಮೀ. ಅಗಲವಿದ್ದರೆ 7 ಸೆಂ.ಮೀ. ಉದ್ದ, 24 ಇದ್ದರೆ 6ಕ್ಕೂ ಕಡಿಮೆ. ಒಣ ತಿರುವಿನಲ್ಲಿ ಅದು ಲಾಭ. ನೀರು ನಿಂತ ರಸ್ತೆಯಲ್ಲಿ ನಡುವಿನ ನೀರು ಪಕ್ಕಕ್ಕೆ ಹೋಗಲು ಹೆಚ್ಚು ದೂರ, ಕಡಿಮೆ ಹೊತ್ತು. ನೀರು ಸರಿಯುವಷ್ಟರಲ್ಲಿ ಟೈರು ಅದರ ಮೇಲೆ ಹತ್ತಿಬಿಟ್ಟಿರುತ್ತದೆ.

ನಿಮಗೆ ನಮ್ಮ ಸಲಹೆ ಬೇರೆ ದಿಕ್ಕಿನದು. ಈ ಕಾರಿಗೆ ಪೋರ್ಶೆಯೇ ಮೂರು ಅಳತೆ ಕೊಟ್ಟಿತ್ತು. 18 ಇಂಚಿನಲ್ಲಿ ಮುಂದೆ 8ಜೆ ಇಟಿ57ಕ್ಕೆ 235/45, ಹಿಂದೆ 9ಜೆ ಇಟಿ47ಕ್ಕೆ 265/45. 19ರಲ್ಲಿ ಮುಂದೆ 8ಜೆ ಇಟಿ57ಕ್ಕೆ 235/40, ಹಿಂದೆ 9.5ಜೆ ಇಟಿ45ಕ್ಕೆ 265/40. 20 ಇಂಚಿನದು ಈಗ ನಿಮ್ಮಲ್ಲಿದೆ. ಹಿಂದಿನ ಟೈರಿನ ಹೊರವ್ಯಾಸ ಮೂರರಲ್ಲೂ 694 ಮಿ.ಮೀ.ಗೆ ಆಸುಪಾಸು, ಸ್ಪೀಡೋಮೀಟರ್ ಕೆಡುವುದಿಲ್ಲ. ಬದಲಾಗುವುದು ಸೈಡ್‌ವಾಲಿನ ಎತ್ತರ: ಮುಂದಿನ ಟೈರಿನಲ್ಲಿ 20ಕ್ಕೆ 82 ಮಿ.ಮೀ., 19ಕ್ಕೆ 94, 18ಕ್ಕೆ 106. ಗುಂಡಿಯ ಅಂಚಿಗೂ ರಿಮ್ಮಿನ ಅಂಚಿಗೂ ನಡುವೆ ರಬ್ಬರು ಕಚ್ಚಿಕೊಂಡಾಗ ಒಳಗಿನ ದಾರಗಳು ತುಂಡಾಗುತ್ತವೆ, ಅಲ್ಲಿ ಗಾಳಿ ತಳ್ಳಿ ಗುಳ್ಳೆ ಏಳುತ್ತದೆ. ಅದಕ್ಕೆ ರಿಪೇರಿ ಇಲ್ಲ, ಟೈರು ಬಿಸಾಡಲೇಬೇಕು. 24 ಮಿ.ಮೀ. ಹೆಚ್ಚು ರಬ್ಬರು ಇದ್ದರೆ ಅದೇ ಗುಂಡಿ ಬರೀ ಒಂದು ಹೊಡೆತವಾಗಿ ದಾಟಿಹೋಗುತ್ತದೆ. ಒಳ್ಳೆಯ ಸ್ಥಿತಿಯಲ್ಲಿರುವ, ಕಂಪನಿಯದೇ ಹಳೆ 18 ಇಂಚಿನ ಜೋಡಿ ಸಿಕ್ಕಿದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನೇ ಹಾಕಿಡಿ. 20ರ ಚಂದ ದೀಪಾವಳಿಗೆ ಮರಳಿ ತನ್ನಿ.

ಹಳೆ ರಿಮ್ಮು ಕೊಳ್ಳುವಾಗ ಒಳ ಅಂಚಿನ ಮೇಲೆ ಬೆರಳು ಆಡಿಸುತ್ತ ಪೂರ್ತಿ ಒಂದು ಸುತ್ತು ಬನ್ನಿ. ಗುಂಡಿಗೆ ಬಿದ್ದ ರಿಮ್ಮು ಬಾಗುವುದೂ ಬಿರಿಯುವುದೂ ಹೆಚ್ಚಾಗಿ ಒಳಬದಿಯಲ್ಲಿ, ಹೊರಗಿನ ಸ್ಪೋಕು ಹೊಸದರಂತೆ ಹೊಳೆಯುತ್ತಿರುತ್ತದೆ. ಬೆಸುಗೆ ಹಾಕಿ ಬಣ್ಣ ಬಳಿದ ಗುರುತು ಕಂಡರೆ ಬೆಲೆ ಎಷ್ಟೇ ಇಳಿಸಿದರೂ ಬೇಡ.

ಟೈರಿನ ಮೇಲೆ ಎನ್0 ಅಥವಾ ಎನ್1 ಎಂಬ ಗುರುತು ಪೋರ್ಶೆ ಒಪ್ಪಿದ್ದೆಂದು ಹೇಳುತ್ತದೆ. ಮುಂದೆ ಹಿಂದೆ ಒಂದೇ ಮಾದರಿ ಇರಲಿ. ಕಾನೂನು 1.6 ಮಿ.ಮೀ. ಟ್ರೆಡ್ ಸಾಕೆನ್ನುತ್ತದೆ. ಎಕ್ಸ್‌ಪ್ರೆಸ್‌ವೇಯಲ್ಲಿ ಮಳೆಯಲ್ಲಿ ಓಡಿಸುವ ಈ ಕಾರಿಗೆ 3 ಮಿ.ಮೀ. ಆದೊಡನೆ ಬದಲಿಸಿ, ಇದರಲ್ಲಿ ನಾವು ರಾಜಿಯಾಗುವುದಿಲ್ಲ. ಅಳೆಯುವಾಗ ಹಿಂದಿನ ಟೈರಿನ ಒಳ ಭುಜವನ್ನೇ ಅಳೆಯಿರಿ. ಹಿಂದಿನ ಚಕ್ರಗಳು ಮೇಲ್ಭಾಗದಲ್ಲಿ ಒಳಕ್ಕೆ ವಾಲಿರುವುದರಿಂದ ಅಲ್ಲಿ ಮೊದಲು ಸವೆಯುತ್ತದೆ, ನಿಂತು ನೋಡಿದರೆ ಕಾಣಿಸುವುದಿಲ್ಲ. ಗಾಳಿಯನ್ನು ಕಾರು ರಾತ್ರಿ ನಿಂತು ತಣ್ಣಗಾದ ಮೇಲೆ, ಸ್ಟಿಕ್ಕರಿನಲ್ಲಿ ಇದ್ದಷ್ಟೇ ಹಾಕಿ. ಮಳೆಗೆಂದು ಗಾಳಿ ಇಳಿಸುವ ಪದ್ಧತಿ ತಪ್ಪು, ಕಡಿಮೆ ಗಾಳಿಯ ಟೈರು ಇನ್ನೂ ಕಡಿಮೆ ವೇಗದಲ್ಲೇ ತೇಲುತ್ತದೆ. ಬೋಲ್ಟು 160 ನ್ಯೂಟನ್ ಮೀಟರ್, ದುಂಡು ತಲೆಯದು.

ಪ್ರಶ್ನೆ: ಅಗಲದ ರಿಮ್ಮು ಹಾಕಿಸಿದರೆ ಆರ್‌ಟಿಒದವರು ಹಿಡಿಯುತ್ತಾರೆಯೇ? ವಿಮೆ ಸಿಗುತ್ತದೆಯೇ? (ಮೀರಾ ರೋಡ್)

ಉತ್ತರ: ಮೋಟಾರು ವಾಹನ ಕಾಯಿದೆಯ 52ನೇ ಕಲಮು, ನೋಂದಣಿ ಪತ್ರದ ವಿವರ ತಯಾರಕರು ಮೂಲದಲ್ಲಿ ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಗಿಯಾಗಿಯೇ ಓದಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನ ಪ್ರಕಾರ ಅನುಮತಿ ಇಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಒಂದೊಂದಕ್ಕೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಹಾಗಾಗಿ ನಿಮ್ಮ ಮಾಡೆಲಿನ ಮೇಲಿನ ವೇರಿಯಂಟಿಗೆ ಕಂಪನಿಯೇ ಕೊಟ್ಟ ಅಳತೆಯನ್ನು ಆರಿಸುವುದು ಕ್ಷೇಮ. ಮಾಲೀಕರ ಕೈಪಿಡಿಯ ಟೈರಿನ ಕೋಷ್ಟಕದ ಆ ಪುಟ ತೋರಿಸಲು ಇರುತ್ತದೆ. ಟೈರು ಮಡ್‌ಗಾರ್ಡಿನಿಂದ ಹೊರಗೆ ಚಾಚಿದ್ದರೆ ಯಾವ ಪುಟವೂ ಕಾಯುವುದಿಲ್ಲ. ವಿಮೆಯವರಿಗೆ ರಿಮ್ಮಿನ ಬಿಲ್ಲು ಸಮೇತ ಬರೆದು ತಿಳಿಸಿ, ಪಾಲಿಸಿಯಲ್ಲಿ ನಮೂದಾಗಿದೆಯೇ ನೋಡಿ. ತಿಳಿಸದೆ ಇದ್ದ ಮಾರ್ಪಾಡು ಕ್ಲೇಮಿನ ಹೊತ್ತಿಗೆ ತಕರಾರಾಗುತ್ತದೆ.

ರಿಮ್ಮಿನ ಹಿಂಬದಿಯಲ್ಲಿ ಎಷ್ಟು ಕೆ.ಜಿ. ಹೊರುತ್ತದೆಂದು ಅಚ್ಚು ಹಾಕಿರಬೇಕು. ಆಕ್ಸಲ್ ಮೇಲಿನ ಗರಿಷ್ಠ ಭಾರದ ಅರ್ಧಕ್ಕಿಂತ ಅದು ಹೆಚ್ಚಿರಬೇಕು. ಜೆಡಬ್ಲ್ಯುಎಲ್ ಎಂಬುದು ಜಪಾನಿನ ಮಾನದಂಡಕ್ಕೆ ಒಪ್ಪುತ್ತದೆಂದು ತಯಾರಕರೇ ಹಾಕಿಕೊಳ್ಳುವ ಗುರುತು, ವಿಐಎ ಅದನ್ನು ಬೇರೆಯವರು ಪರೀಕ್ಷಿಸಿದ ಗುರುತು. ಒಂದೂ ಇಲ್ಲದ ರಿಮ್ಮನ್ನು ಇಂಥ ವೇಗದ ಕಾರಿಗೆ ಹಾಕಬೇಡಿ.

ಪ್ರಶ್ನೆ: ಮನೆ ಸಮುದ್ರದ ಹತ್ತಿರ. ಹೊರಗಿನ ಅಲಾಯ್ ಹಾಕಿ ವರ್ಷವಾಯಿತು, ಈಗ ಬೋಲ್ಟು ಬಿಚ್ಚಿದರೂ ಚಕ್ರ ಕಳಚುತ್ತಿಲ್ಲ. (ವಾಸ್ಕೊ, ಗೋವಾ)

ಉತ್ತರ: ಉಪ್ಪು ಗಾಳಿಯಲ್ಲಿ ಅಲ್ಯೂಮಿನಿಯಂ ಹಬ್ ರಿಂಗ್ ಉಕ್ಕಿನ ಹಬ್ಬಿಗೆ ಅಂಟಿಕೊಂಡಿದೆ. ಕಾರನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಎರಡು ಬೋಲ್ಟು ನಾಲ್ಕೈದು ಎಳೆಯಷ್ಟು ಹಿಡಿದಿರಲಿ, ಇಲ್ಲವಾದರೆ ಚಕ್ರ ಕಿತ್ತುಬಂದು ಕಾಲ ಮೇಲೆ ಬೀಳುತ್ತದೆ. ನಡುವಿನ ಸಂದಿಗೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಅರ್ಧ ಗಂಟೆ ಬಿಡಿ, ಬ್ರೇಕ್ ಡಿಸ್ಕಿಗೆ ತಾಗದಂತೆ. ಆಮೇಲೆ ಒಳಗಿನಿಂದ ಟೈರಿನ ಮೇಲೆ ರಬ್ಬರ್ ಸುತ್ತಿಗೆಯಿಂದ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೊಡೆಯಿರಿ. ರಿಮ್ಮಿಗೆ ಹೊಡೆಯಬೇಡಿ. ಕಳಚಿದ ಮೇಲೆ ಹಬ್ಬಿನ ಮುಖ ಮತ್ತು ತುಟಿಯನ್ನು ವೈರ್ ಬ್ರಷ್ಷಿನಿಂದ ಲೋಹ ಕಾಣುವವರೆಗೆ ಉಜ್ಜಿ, ತುಟಿಗೆ ಮಾತ್ರ ಆಂಟಿಸೀಜ್ (ಲೋಹ ಅಂಟಿಕೊಳ್ಳದಂತೆ ತಡೆಯುವ ಪೇಸ್ಟು) ತೆಳ್ಳಗೆ ಸವರಿ. ಬೋಲ್ಟಿನ ಎಳೆಗೂ ಕುಳಿಗೂ ಅದು ಸೋಕಬಾರದು, ಸೋಕಿದರೆ ಟಾರ್ಕ್ ರೆಂಚು ಅದೇ ಅಂಕಿ ತೋರಿಸಿದರೂ ಬೋಲ್ಟು ಮಿತಿ ಮೀರಿ ಬಿಗಿದಿರುತ್ತದೆ. ಸಮುದ್ರದ ಹತ್ತಿರ ಊರೊಳಗೆ ಓಡಾಡುವ ಕಾರಿಗೆ ಪ್ಲಾಸ್ಟಿಕ್ ರಿಂಗ್ ಒಳ್ಳೆಯದು, ಅಂಟುವುದಿಲ್ಲ. ಘಾಟಿಯಲ್ಲಿ ಜೋರಾಗಿ ಬ್ರೇಕು ಹಿಡಿದು ಓಡಿಸುವವರಾದರೆ ಆ ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಅಲ್ಯೂಮಿನಿಯಂನದನ್ನೇ ಇಟ್ಟುಕೊಂಡು ಮೂರು ತಿಂಗಳಿಗೊಮ್ಮೆ ಚಕ್ರ ಬಿಚ್ಚಿ ಹಾಕಿಸಿ.